ಮೂಗಿನ ಪಾಠ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ಆ ಚಳಿಗಾಲ
ನನ್ನ ಟೈಪಿಂಗ್ ಶಾಲೆಯ ಹನ್ನೊಂದು ಯಂತ್ರಗಳು
ಹಳೇ ಬೆಡ್‌ಶೀಟು ಹೊದ್ದು ಮಲಗಿದ್ದವು.
ಜೂನಿಯರ್ ಪರೀಕ್ಷೆ ಮುಂದಕ್ಕೆ, ಮತ್ತೆ ಮುಂದಕ್ಕೆ.
ಫೀಸು ಬಾಕಿಯ ಪುಸ್ತಕ ತೆರೆಯುವುದನ್ನೂ ಬಿಟ್ಟೆ.

ದೀಪಾವಳಿಗೆ ಮುಂಚೆ ನನಗೂ ಬಂದು ಹೋಗಿತ್ತು ಜ್ವರ.
ಹೋಗುವಾಗ ಮೂಗನ್ನು ಒಯ್ದಿತ್ತು.
ಇತ್ತು ಮೂಗು, ಕನ್ನಡಿಯಲ್ಲಿ, ಮೂಗುಬೊಟ್ಟಿನ ಸಮೇತ,
ಬರೀ ಅಲಂಕಾರಕ್ಕೆ.

ಡಾಕ್ಟರು ಫೋನಿನಲ್ಲೇ ಹೇಳಿದರು:
ನಾಲ್ಕು ವಾಸನೆ, ದಿನಕ್ಕೆ ಎರಡು ಸಲ,
ಒಂದೊಂದನ್ನೂ ಇಪ್ಪತ್ತು ಎಣಿಸುವ ತನಕ ಮೂಸಿ.
ಅಭ್ಯಾಸದ ಪಾಠ ನನಗೇ?
ಮೂವತ್ತು ವರ್ಷ ಊರ ಹುಡುಗಿಯರ ಕಿರುಬೆರಳುಗಳನ್ನು
ಗದರಿಸಿ ದಾರಿಗೆ ತಂದವಳು ನಾನು.
ಒಂದು ಯಂತ್ರದ ಹೊದಿಕೆ ಸರಿಸಿ, ಧೂಳು ಊದಿ,
ಗೆರೆ ಹೊಡೆದು ವೇಳಾಪಟ್ಟಿ ಮಾಡಿಕೊಂಡೆ.
ಕಾಫಿಪುಡಿ. ಲವಂಗ. ನಿಂಬೆಸಿಪ್ಪೆ. ನೋವಿನ ಮುಲಾಮು.
ಎದುರಿಗೆ ಷರಾ: ಇಲ್ಲ. ಇಲ್ಲ. ಇಲ್ಲ.
ಮುಲಾಮಿಗೆ ಮಾತ್ರ ತುಸು ಉದ್ದ:
ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

ಮಹಡಿಯ ದ್ಯಾವಕ್ಕ ಒಬ್ಬಳೇ ಚೌಕಾಬಾರ ಆಡುತ್ತಿದ್ದಳು
ಮೆಟ್ಟಿಲ ತಿರುವಿನಲ್ಲಿ, ಸೀಮೆಸುಣ್ಣದ ಮನೆ ಬರೆದು.
ಈ ಕಡೆಯೂ ಅವಳೇ, ಆ ಕಡೆಯೂ ಅವಳೇ.
ಕವಡೆ ಮೂರು ಬಿದ್ದರೆ ನಾಲ್ಕು ಅನ್ನುವಳು,
ಆ ಕಡೆಯವಳಿಗೆ, ಯಾವಾಗಲೂ ಆ ಕಡೆಯವಳಿಗೆ.
ಇದೆಂಥ ಮೋಸ ದ್ಯಾವಕ್ಕಾ ಅಂದರೆ
"ಪಾಪ, ಅವಳಿಗ್ಯಾರಿದ್ದಾರೆ?"

ಹಿಂದಿನ ಮನೆಯ ಇಮ್ದಾದನಿಗೆ ನಾಲ್ಕನೇ ಕ್ಲಾಸು.
ಕ್ಲಾಸಿರುವ ಫೋನು ಅವರಪ್ಪನ ಜೊತೆ
ಗೂಡ್ಸ್ ಆಟೋದಲ್ಲಿ ಭದ್ರಾವತಿಗೆ ಹೋಗುತ್ತಿತ್ತು,
ಹಾಗಾಗಿ ಇವನು ನನ್ನ ಕಿಟಕಿಯ ಕಟ್ಟೆ ಹತ್ತುತ್ತಿದ್ದ.
ಅವನಿಗೆಂದು ಎರಡು ಠ ಪಕ್ಕಪಕ್ಕ ಹೊಡೆದೆ:
ಗೂಬೆಯ ಕಣ್ಣು.
ಕೊಕ್ಕಿಗೊಂದು ಅಲ್ಪವಿರಾಮ, ಮೈತುಂಬ ಸಾಲುಸಾಲು ರ.
ನಕ್ಕ ಹುಡುಗ ನಗುತ್ತಲೇ ನೇಮಕವಾಗಿಬಿಟ್ಟ
ನನ್ನ ಮೂಗಿನ ಪರೀಕ್ಷಕನಾಗಿ, ಸಂಬಳ ದಿನಕ್ಕೊಂದು ಗೂಬೆ.
ಮುಚ್ಚಿದ ಮುಷ್ಟಿ ಸರಳಿನ ಒಳಗೆ ತೂರಿಸಿ
"ಏನು ಹೇಳಿ, ಟೀಚರಕ್ಕಾ."
ಹಿಚುಕಿದ ಪೇರಲೆ ಎಲೆ, ಒದ್ದೆ ರಬ್ಬರು,
ಒಂದು ದಿನ ಹಸಿರು ಹೇರೋಹುಳು, ಅದೂ ಜೀವಂತ.
ಮಾಸ್ಕಿನ ಮೇಲಿನ ಅವನ ಕಣ್ಣು ಓದಿಯೇ
ಎಷ್ಟೋ ಸಲ ಸರಿಯುತ್ತರ ಕೊಟ್ಟೆ. ಕಾಪಿ ಹೊಡೆದೆ, ಅನ್ನಿ.

ಡಿಸೆಂಬರಿನ ಕೊನೆಗೆ ಅವರೆ ಬಂತು.
ಸೊಗಡು ಸೊಗಡು ಎಂದು ಬೀದಿಯೇ ಹೊಗಳುತ್ತಿದ್ದಾಗ
ನಾನೂ ದ್ಯಾವಕ್ಕನೂ ಒಂದು ಮೆಟ್ಟಿಲಾಚೆ ಒಬ್ಬರು ಕೂತು
ನೆನೆಸಿದ ಕಾಳು ಹಿತುಕಿದೆವು ಸಂಜೆಯವರೆಗೆ.
ಉಗುರಿನಡಿ ತಣ್ಣಗೆ ಜಾರಿ
ಸಿಪ್ಪೆಯಿಂದ ಚಿಮ್ಮುವ ಬೇಳೆ,
ಒಂದು ಹೋಗಿ ಹರಿಯದೇ ಉಳಿದ ನವೆಂಬರಿಗೆ ಬಡಿಯಿತು.
ಬೆರಳಿಗೆ ಇಷ್ಟೊಂದು ಸುಖ ಗೊತ್ತೆಂದು ನನಗೇ ಗೊತ್ತಿರಲಿಲ್ಲ.
ಸಾರು ಬಿಸಿಯಾಗಿತ್ತು. ಉಪ್ಪಾಗಿತ್ತು.
ಅಷ್ಟೇ ಹೇಳಬಲ್ಲೆ.

ಸಂಕ್ರಾಂತಿ ಕಳೆದು ನಾಲ್ಕನೇ ದಿನವೋ ಐದನೆಯದೋ
ತುಂಗಾ ಚಾನೆಲ್ಲಿನ ಪಕ್ಕ ನಡೆಯುತ್ತಿದ್ದೆ.
ನಿಂತ ನೀರು, ಪ್ಲಾಸ್ಟಿಕ್ಕು, ಯಾರದೋ ಮನೆಯ ಹಳಸಲು.
ಎಲ್ಲಿಂದಲೋ ಒಂದು ಎಳೆ...
ಮಾಸ್ಕು ಗದ್ದಕ್ಕೆ ಇಳಿಸಿದೆ.
ನಾತ!
ಗಬ್ಬು, ಅಪ್ಪಟ, ಊರಿನದೇ ನಾತ.
ಮೂಗು ಮುಚ್ಚಿಕೊಂಡು ಹೋಗುತ್ತಿದ್ದ ಸ್ಕೂಟರಿನವನು
ತಿರುತಿರುಗಿ ನೋಡಿದ,
ಚರಂಡಿಯ ಎದುರು ಕಣ್ಣುಮುಚ್ಚಿ
ಇಪ್ಪತ್ತರ ತನಕ ಎಣಿಸುವ ಹೆಂಗಸನ್ನು.
ಇಪ್ಪತ್ತಾದ ಮೇಲೆ ಮತ್ತೊಮ್ಮೆ ಒಂದರಿಂದ.

ರಾತ್ರಿ ವೇಳಾಪಟ್ಟಿಗೆ ಐದನೇ ಸಾಲು ಸೇರಿತು.
ಚಾನೆಲ್ಲು: ಇದೆ.

ಮಾರನೆಯ ಬೆಳಿಗ್ಗೆ ಸರಳಿನೊಳಗೆ ಅದೇ ಮುಷ್ಟಿ.
ಬಿಚ್ಚುವ ಮೊದಲೇ ಬಂದಿತ್ತು,
ಒಗರೊಗರಾಗಿ, ಹಸಿಯಾಗಿ, ಪೇರಲೆ ಎಲೆ.
ಅವನ ಕಣ್ಣು ನೋಡಲಿಲ್ಲ.
"ಇಲ್ಲ ಕಣೋ" ಅಂದೆ, "ಇವತ್ತೂ ಗೊತ್ತಾಗಲಿಲ್ಲ.
ನಾಳೆ ಇನ್ನೇನಾದರೂ ತಾ."